ಮನಸ್ಸಿನ ಮಂಡಿಗೆ

ಮನಸ್ಸಿನಲ್ಲೇ ಮಂಡಿಗೆ ಮೆಲ್ಲುವುದು ನಮ್ಮ ಜನಕ್ಕೆ ಹಳೆಯ ಅಭ್ಯಾಸ. ದಿಲ್ಲಿಗೆ ಬಂದು ನೆಲಸಿದ ಕನ್ನಡಿಗರಿಗಂತೂ ಅದು ನಿತ್ಯದ ಫಲಾಹಾರ. ನಿವೃತ್ತಿಯಾದ ಮೇಲೆ ಊರಿಗೆ ಹೋಗಬೇಕು, ಹಿತ್ತಲಲ್ಲಿ ಎರಡು ತೆಂಗಿನ ಮರ ಹಾಕಬೇಕು, ಸಂಜೆ ಜಗಲಿಯ ಮೇಲೆ ಕುಳಿತು ಹೋಗಿಬರುವವರನ್ನು ಮಾತನಾಡಿಸಬೇಕು ಎಂದು ನಾವೆಲ್ಲ ಮೆದ್ದಿರುವ ಮಂಡಿಗೆಗಳಿಗೆ ಲೆಕ್ಕವುಂಟೆ?

ಹೋದ ಚಳಿಗಾಲದ ಒಂದು ಭಾನುವಾರ ಯಾವುದೋ ಮಾತಿಗೆ ನಾನು ಮಗಳನ್ನು ಗದರಿಸುತ್ತ, "ಸುಮ್ಮನೆ ಮನಸ್ಸಿನಲ್ಲಿ ಮಂಡಿಗೆ ತಿನ್ನಬೇಡ, ಓದಿಕೋ" ಎಂದೆ. ಅವಳು ಮಯೂರ ವಿಹಾರದಲ್ಲೇ ಹುಟ್ಟಿ ಬೆಳೆದವಳು. ಪುಸ್ತಕದಿಂದ ತಲೆಯೆತ್ತಿ, "ಅಪ್ಪಾ, ಮಂಡಿಗೆ ಅಂದರೆ ಏನು?" ಎಂದಳು.

"ಒಂದು ತಿಂಡಿ."

"ಹೇಗಿರುತ್ತೆ?"

ನಾನು ಮಂಡಿಗೆ ತಿಂದದ್ದು ಬೆಳಗಾವಿಯಲ್ಲಿ, ಸೋದರತ್ತೆಯ ಮದುವೆಯಲ್ಲಿ. ಆಗ ನನಗೆ ಏಳು ವರ್ಷ. ತೆಳ್ಳಗಿತ್ತು, ದೊಡ್ಡದಾಗಿತ್ತು, ಸಿಹಿಯಾಗಿತ್ತು ಎನ್ನುವುದರ ಹೊರತು ಬೇರೇನೂ ನೆನಪಾಗಲಿಲ್ಲ. ನನ್ನಾಕೆ ಮೈಸೂರು ಕಡೆಯವಳು. "ಚಿರೋಟಿ ಥರ ಏನೋ ಇರಬೇಕು" ಎಂದು ಅಡಿಗೆಮನೆಯಿಂದಲೇ ತೀರ್ಪು ಕೊಟ್ಟಳು.

ಮೂಲೆಯ ಮಂಚದ ಮೇಲೆ ಶಾಲು ಹೊದ್ದು ಕುಳಿತಿದ್ದ ಅವ್ವ, "ಚಿರೋಟಿ ಅಲ್ಲ" ಎಂದಳು. ಅಷ್ಟೇ. ಮತ್ತೆ ಕಿಟಕಿಯ ಕಡೆ ಮುಖ ತಿರುಗಿಸಿಬಿಟ್ಟಳು.

ನಮ್ಮ ಅವ್ವನಿಗೆ ಎಂಬತ್ತಮೂರು. ಅಪ್ಪ ತೀರಿಕೊಂಡ ಮೇಲೆ ಬೆಳಗಾವಿಯ ಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದು ಏಳೆಂಟು ತಿಂಗಳಾಗಿತ್ತು. ಊಟಕ್ಕೆ ಕರೆದರೆ ಬರುವಳು, ಬಡಿಸಿದ್ದನ್ನು ಉಣ್ಣುವಳು, ಚೆನ್ನಾಗಿದೆಯೇ ಎಂದರೆ "ಅದ" ಎನ್ನುವಳು. ಅರವತ್ತು ವರ್ಷ ಒಲೆಯ ಮುಂದೆ ಕಳೆದ ಆಕೆ ನಮ್ಮ ಅಡಿಗೆಮನೆಯ ಹೊಸ್ತಿಲನ್ನು ಒಮ್ಮೆಯೂ ದಾಟಿರಲಿಲ್ಲ. ನನ್ನಾಕೆ ಕರೆದಾಗಲೆಲ್ಲ, "ಅದು ನಿಮ್ಮ ಅಡಿಗಿಮನಿ. ನನಗ ಅಲ್ಲಿ ಏನೂ ತಿಳಿಯೂದಿಲ್ಲ" ಎಂದು ನಯವಾಗಿ ಕೈ ಆಡಿಸಿಬಿಡುತ್ತಿದ್ದಳು. ಇಂಥ ಮಾತಿಗೆ ಎದುರುತ್ತರವಿಲ್ಲ. ಮುದುಕರನ್ನು ಊರಿನಿಂದ ಕಿತ್ತು ತಂದವರಿಗೆ ಅದು ಗೊತ್ತು.

ಮಗಳ ಪ್ರಶ್ನೆಯನ್ನು ತೀರಿಸಿಬಿಡೋಣವೆಂದು ನಾನು ಪುಸ್ತಕಗಳ ಬೆನ್ನು ಹತ್ತಿದೆ. ದಿಲ್ಲಿಯಲ್ಲಿ ನಮಗೆ ಎಷ್ಟೋ ಕೊರತೆಗಳಿದ್ದರೂ ಗ್ರಂಥಾಲಯಗಳಿಗೆ ಕೊರತೆಯಿಲ್ಲ. ಹುಡುಕಿದ ಮಂಡಿಗೆ ಸಿಕ್ಕಿತು. ಸಿಕ್ಕಿದ್ದು ಯಾವುದೋ ಇತ್ತೀಚಿನ ಅಡಿಗೆ ಪುಸ್ತಕದಲ್ಲಲ್ಲ, ಚಕ್ರವರ್ತಿಯೊಬ್ಬನ ಗ್ರಂಥದಲ್ಲಿ!

ಈಗ ಬೀದರ್ ಜಿಲ್ಲೆಯಲ್ಲಿರುವ ಬಸವಕಲ್ಯಾಣದಿಂದ ಆಳಿದ ಕಲ್ಯಾಣ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ವಿದ್ವಾಂಸ. ಆಳಿದ್ದು 1126ರಿಂದ 1138ರವರೆಗೆ. ಅವನ ತಂದೆ ಆರನೆಯ ವಿಕ್ರಮಾದಿತ್ಯ. ಈ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ಗ್ರಂಥವನ್ನು ರಚಿಸಿದ. ಐದು ಭಾಗ, ಒಂದೊಂದರಲ್ಲಿ ಇಪ್ಪತ್ತು, ಒಟ್ಟು ನೂರು ಅಧ್ಯಾಯ. ರಾಜ್ಯ ಗಳಿಸುವುದು ಹೇಗೆ, ಉಳಿಸುವುದು ಹೇಗೆ ಎಂದು ಮೊದಲ ಎರಡು ಭಾಗಗಳಲ್ಲಿ ಹೇಳಿ ಮುಗಿಸಿ, ಉಳಿದ ಮೂರನ್ನು ಸುಖ, ವಿನೋದ, ಕ್ರೀಡೆಗಳಿಗೆ ಮೀಸಲಿಟ್ಟ ಧಾರಾಳ ಪುರುಷ ಅವನು. ಮೂರನೆಯ ಭಾಗದಲ್ಲಿ 'ಅನ್ನಭೋಗ'ವೆಂಬ ಅಧ್ಯಾಯವುಂಟು. ಅದು ಸೇರಿದ ಎರಡನೆಯ ಸಂಪುಟ 1939ರಲ್ಲಿ ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಅಚ್ಚಾಯಿತು.

ಆ ಅಧ್ಯಾಯವನ್ನು ತೆರೆದರೆ ಪಂಕ್ತಿಯಲ್ಲಿ ಕುಳಿತಂತಾಗುತ್ತದೆ. ಅಲ್ಲಿರುವ 'ಇಡ್ಡರಿಕಾ' ನಮ್ಮ ಇಡ್ಡಲಿಗೆ, ಎಂದರೆ ಇಡ್ಲಿ. 'ಧೋಸಕ' ದೋಸೆ, 'ವಟಕ' ವಡೆ, 'ಪೋಲಿಕಾ' ಹೋಳಿಗೆ, 'ಮಂಡಕ'ವೇ ಮಂಡಿಗೆ. ಹಲವು ಬೇಳೆಗಳನ್ನು ಕೂಡಿಸಿ ಅರಿಶಿನವನ್ನೂ ಹಿಂಗಿನ ನೀರನ್ನೂ ಹಾಕಿ ಬೇಯಿಸುವ 'ವಿದಳಪಾಕ' ಉಂಟು. ಸಂಸ್ಕೃತದ ಪೋಷಾಕು ತೊಟ್ಟಿದ್ದರೂ ಮುಖ ನೋಡಿದರೆ ನಮ್ಮ ಮನೆಯವರೇ ಎಂದು ಗುರುತು ಹತ್ತುತ್ತದೆ.

ಇನ್ನೂ ಹಿಂದಕ್ಕೆ ಹೋಗಬಹುದು. ಹತ್ತನೆಯ ಶತಮಾನದ 'ವಡ್ಡಾರಾಧನೆ'ಯಲ್ಲೇ ಇಡ್ಡಲಿಗೆಯ ಹೆಸರಿದೆ. ಸುಮಾರು 1025ರ 'ಲೋಕೋಪಕಾರ'ದಲ್ಲಿ ಎರಡನೆಯ ಚಾವುಂಡರಾಯ ಅದನ್ನು ಮಾಡುವ ಕ್ರಮವನ್ನೇ ಕನ್ನಡದಲ್ಲಿ ಹೇಳಿದ್ದಾನೆ. ಮುಂದೆ, ಹದಿನಾರನೆಯ ಶತಮಾನದ ಆರಂಭದಲ್ಲಿ, ಮೂರನೆಯ ಮಂಗರಸನೆಂಬ ಜೈನ ಕವಿ 'ಸೂಪಶಾಸ್ತ್ರ'ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಬದನೆಕಾಯಿ, ಬಾಳೆ, ಹಲಸು, ಕಳಲೆಗಳ ಪಾಕವನ್ನು ಛಂದಸ್ಸು ಕೆಡದಂತೆ ಹೇಳಬಲ್ಲವನಿಗೆ ಕೈ ಮುಗಿಯಬೇಕು. ನಮ್ಮಲ್ಲಿ ಅನೇಕರಿಗೆ ಗದ್ಯದಲ್ಲೂ ಅದು ಕೈಲಾಗದು.

ಹಳೆಯ ಗ್ರಂಥ ನೋಡಿ ಅಡಿಗೆ ಮಾಡುವ ಹುಚ್ಚು ಈಗ ಲೋಕದ ತುಂಬ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿರುವ ಬಾಬಿಲೋನಿನ ಮಣ್ಣಿನ ಹಲಗೆಗಳನ್ನು ಓದಿ ವಿದ್ವಾಂಸರು ಸುಮಾರು ಮೂರೂವರೆ ಸಾವಿರ ವರ್ಷಗಳಿಗೂ ಹಿಂದಿನ ಸಾರುಗಳನ್ನು ಕುದಿಸಿ ಉಂಡಿದ್ದಾರೆ. ಇಂಗ್ಲೆಂಡಿನಲ್ಲಿ ಎರಡನೆಯ ರಿಚರ್ಡನ ಬಾಣಸಿಗರು 1390ರ ಸುಮಾರಿಗೆ ಬರೆಸಿದ ಪಾಕಗಳನ್ನು ಇಂದಿಗೂ ಜನ ಮಾಡಿನೋಡುತ್ತಾರೆ. ಅವರಿಗಿದ್ದ ಹುಚ್ಚು ನಮಗೇಕಿರಬಾರದು? ಮಗಳಿಗೂ ಉತ್ಸಾಹ ಬಂತು. ಇಡ್ಡಲಿಗೆಯಿಂದ ಆರಂಭಿಸಿ ಮಂಡಿಗೆಗೆ ಮುಗಿಸುವುದೆಂದು ಗೊತ್ತು ಮಾಡಿದೆವು. ಒಂದು ಕಟ್ಟಳೆಯನ್ನೂ ಹಾಕಿಕೊಂಡೆವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಹಡಗಿನಲ್ಲಿ ಬಂದ ಯಾವ ಪದಾರ್ಥವನ್ನೂ ಮುಟ್ಟಕೂಡದು.

ನನ್ನಾಕೆ ಕೇಳಿದಳು: "ಹಾಗಾದರೆ ಒಣಮೆಣಸಿನಕಾಯಿ?"

"ಇಲ್ಲ."

"ಹಸಿಮೆಣಸಿನಕಾಯಿ?"

"ಅದೂ ಇಲ್ಲ. ಟೊಮೇಟೊ, ಆಲೂಗಡ್ಡೆ, ಗೋಡಂಬಿ, ಕಡಲೆಕಾಯಿ ಯಾವುದೂ ಇಲ್ಲ."

"ಪಾಪ, ಆ ರಾಜ ಏನು ತಿಂದುಕೊಂಡಿದ್ದ?"

ಅದನ್ನು ತಿಳಿಯಲಿಕ್ಕೆಂದೇ ಮುಂದಿನ ಶನಿವಾರ ಅಪ್ಪ ಮಗಳು ಮೆಟ್ರೊ ಹತ್ತಿದೆವು. ರಾಜೀವ್ ಚೌಕದಲ್ಲಿ ಗಾಡಿ ಬದಲಿಸಿ ಚಾಂದನಿ ಚೌಕದಲ್ಲಿಳಿದರೆ, ಜನರ ಪ್ರವಾಹವೇ ನಿಮ್ಮನ್ನು ಫತೇಪುರಿ ಮಸೀದಿಯ ಕಡೆಗೆ ಒಯ್ಯುತ್ತದೆ. ಅದರಾಚೆ ಖಾರಿ ಬಾವಲಿ. ಹೆಸರಿನ ಅರ್ಥ ಉಪ್ಪುನೀರಿನ ಮೆಟ್ಟಿಲುಬಾವಿ. ಬಾವಿ ಈಗಿಲ್ಲ, ಅದರ ಹೆಸರು ಮಾತ್ರ ಬೀದಿಗೆ ಉಳಿದಿದೆ. ಇಡೀ ಉತ್ತರ ಭಾರತದ ಸಾಂಬಾರ ಪದಾರ್ಥಗಳ ದೊಡ್ಡ ಪೇಟೆ ಇದು. ಮೂಟೆ ಹೊತ್ತ ಕೂಲಿಗಳು ಕೂಗುತ್ತ ಬಂದಾಗ ಗೋಡೆಗೆ ಅಂಟಿಕೊಳ್ಳಬೇಕು. ಕೈಗಾಡಿ, ಸೈಕಲ್ ರಿಕ್ಷಾಗಳ ನಡುವೆ ಅರಿಶಿನದ ಕೊಂಬು, ಒಣಶುಂಠಿ, ಏಲಕ್ಕಿ, ಬಾದಾಮಿ, ಒಣಗಿದ ಗುಲಾಬಿ ಮೊಗ್ಗುಗಳ ರಾಶಿ. ಗಡೋದಿಯಾ ಮಾರುಕಟ್ಟೆಯ ಅಂಗಳವನ್ನು ಹೊಕ್ಕರಂತೂ ಕೆಮ್ಮದೆ ಹೊರಬಂದವರಿಲ್ಲ. ಗಾಳಿಯಲ್ಲೇ ಮೆಣಸಿನಕಾಯಿಯ ಘಾಟು. ಕೂಲಿಗಳು ಕೆಮ್ಮುತ್ತಾರೆ, ಸಾಹುಕಾರರು ಕೆಮ್ಮುತ್ತಾರೆ, ನೋಡಲು ಬಂದ ಪರದೇಶದವರು ಕ್ಯಾಮರಾ ಹಿಡಿದುಕೊಂಡು ಕೆಮ್ಮುತ್ತಾರೆ.

ನಾವಿಬ್ಬರೂ ಆ ಕೆಂಪು ಮೂಟೆಗಳ ನಡುವೆ ನಿಂತು, ಕಣ್ಣೀರು ಒರಸಿಕೊಳ್ಳುತ್ತ, ಇದೊಂದನ್ನು ಬಿಟ್ಟು ಬೇರೆಲ್ಲ ಕೊಳ್ಳಲು ಹೊರಟಿದ್ದೆವು! ಆಗ ನನಗೊಂದು ಮಾತು ಹೊಳೆಯಿತು. ಕಲ್ಯಾಣದ ಅರಮನೆಯಲ್ಲಿ ಖಾರಕ್ಕಿದ್ದದ್ದು ನಮ್ಮ ಮಲೆನಾಡಿನ ಬಳ್ಳಿಯ ಮೆಣಸು ಮತ್ತು ಶುಂಠಿ. ಸಾಗರದಾಚೆಯಿಂದ ಬಂದ ಹೊಸ ಕಾಯಿಗೆ ನಮ್ಮವರು ಹೊಸ ಹೆಸರು ಹುಡುಕಲಿಲ್ಲ. ಮೆಣಸಿನ ಹಾಗೆ ಖಾರ, ಆದರೆ ಕಾಯಿ, ಆದ್ದರಿಂದ ಮೆಣಸಿನಕಾಯಿ. ಹೀಗೆ ಮನೆಯ ಹಿರಿಯನ ಹೆಸರನ್ನೇ ಬಂದವನಿಗೆ ಇಟ್ಟು ಒಳಗೆ ಕರೆದುಕೊಂಡರು. ಪರಂಗಿ ಹಣ್ಣಿಗೆ, ಸೀಮೆಬದನೆಗೆ ಪರದೇಶದ ಗುರುತು ಹೆಸರಿನಲ್ಲೇ ಉಳಿದುಬಿಟ್ಟಿತು. ಮೆಣಸಿನಕಾಯಿ ಮಾತ್ರ ಮನೆಯ ಮಗನಾಯಿತು. ಈಗ ಬ್ಯಾಡಗಿ ಮೆಣಸಿನಕಾಯಿ ನಮ್ಮದಲ್ಲವೆಂದು ಹಾವೇರಿ ಜಿಲ್ಲೆಯಲ್ಲಿ ನಿಂತು ಹೇಳುವ ಧೈರ್ಯ ಯಾರಿಗಿದೆ? ಹೊರಗಿನಿಂದ ಬಂದವನು ಮನೆಯವನಾಗಲು ಎಷ್ಟು ಕಾಲ ಬೇಕು ಎಂದು ದಿಲ್ಲಿಯ ಕನ್ನಡಿಗ ಆಗಾಗ ಯೋಚಿಸುತ್ತಾನೆ. ಮೆಣಸಿನಕಾಯಿ ಐನೂರು ವರ್ಷ ಕೂಡ ತೆಗೆದುಕೊಳ್ಳಲಿಲ್ಲ.

ಮೆಣಸು, ಜೀರಿಗೆ, ಸೈಂಧವ ಲವಣ ಕೊಂಡೆವು. ಹಿಂಗಿನ ಅಂಗಡಿಯ ಮುದುಕ ನಮ್ಮನ್ನು ಕೂರಿಸಿ ಪಾಠ ಹೇಳಿದ. ನಾವು ಡಬ್ಬಿಯಲ್ಲಿ ಕೊಳ್ಳುವುದು ಹಿಟ್ಟು, ಗೋಂದು ಬೆರೆಸಿದ ಹಿಂಗು. ಇಲ್ಲಿಂದ ಕೆಲವು ಗಂಟೆಗಳ ದಾರಿಯ ಹಾಥರಸ್ ಪಟ್ಟಣ ಅದರ ತಯಾರಿಕೆಗೆ ಹೆಸರಾದದ್ದು. ಮೂಲವಸ್ತು ಬರುವುದು ಅಫಘಾನಿಸ್ತಾನ, ಇರಾನ್ ಕಡೆಗಳಿಂದ. ಭಾರತದಲ್ಲೇ ಬೆಳೆಯುವ ಪ್ರಯತ್ನವಾಗಿ ಪಾಲಂಪುರದ ವಿಜ್ಞಾನಿಗಳು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಸಸಿ ನೆಟ್ಟದ್ದು 2020ರ ಅಕ್ಟೋಬರಿನಲ್ಲಿ. ಎಂದ ಮೇಲೆ ಸೋಮೇಶ್ವರನ ಇಡ್ಡರಿಕೆಗೆ ಬಿದ್ದ ಹಿಂಗು ಕೂಡ ಪರದೇಶದ್ದೇ. "ನಮ್ಮದು, ಶುದ್ಧವಾಗಿ ನಮ್ಮದು" ಎಂದು ಎದೆ ತಟ್ಟಿಕೊಳ್ಳುವ ಮೊದಲು ಹಿಂಗಿನ ಡಬ್ಬಿಯನ್ನೊಮ್ಮೆ ಮೂಸಿನೋಡುವುದು ಒಳ್ಳೆಯದು.

ಮೊದಲ ಪ್ರಯೋಗ ಚಾವುಂಡರಾಯನ ಇಡ್ಡಲಿಗೆ. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತುಂಬರಿ, ಮೆಣಸು, ಹಿಂಗು ಸೇರಿಸಬೇಕು. ಅಕ್ಕಿಯ ಮಾತೇ ಇಲ್ಲ. ರಾತ್ರಿಯಿಡೀ ಹುಳಿಬರಿಸುವ ಮಾತೂ ಇಲ್ಲ. ನನ್ನಾಕೆ ಅದನ್ನು ಇಡ್ಲಿ ತಟ್ಟೆಗೆ ಸುರಿದು ಹಬೆಯಲ್ಲಿ ಬೇಯಿಸಿದಳು. ಪರಿಮಳಕ್ಕೆ ಪಕ್ಕದ ಫ್ಲ್ಯಾಟಿನ ಪಂಜಾಬಿ ಮಹಿಳೆ ಬಂದು ವಿಚಾರಿಸಿದ್ದು ನಿಜ. ಆದರೆ ತಟ್ಟೆಯಿಂದೆದ್ದ ಇಡ್ಡಲಿಗೆಯನ್ನು ಎತ್ತಿ ಗೋಡೆಗೆ ಎಸೆದಿದ್ದರೆ ಗೋಡೆಯನ್ನು ರಿಪೇರಿ ಮಾಡಿಸಬೇಕಾಗಿತ್ತು. ಉಳಿದ ಹಿಟ್ಟನ್ನು ಉಂಡೆ ಮಾಡಿ ತುಪ್ಪದಲ್ಲಿ ಕರಿದು ಮೊಸರಿಗೆ ಹಾಕಿದೆವು. ಒಂದು ಗಳಿಗೆಯಲ್ಲಿ ಪಾತ್ರೆ ಖಾಲಿ. ಮಗಳು ಬಾಯಿ ಒರಸಿಕೊಂಡು, "ಇದು ದಹಿ ಭಲ್ಲಾ ಅಲ್ಲವೇನಪ್ಪ!" ಎಂದಳು. ವಡೆಯನ್ನು ಹಾಲಿನಲ್ಲಿ, ಮೊಸರಿನಲ್ಲಿ ನೆನೆಸುವುದು ಸೋಮೇಶ್ವರನ ಕಾಲಕ್ಕೇ ಗೊತ್ತಿತ್ತು. ಚಾಂದನಿ ಚೌಕದಲ್ಲಿ ನಿಂತು ನಾವು ದಿಲ್ಲಿಯದೆಂದು ತಿನ್ನುವ ತಿಂಡಿಗೆ ಹತ್ತಿರದ ಬಂಧುವೊಂದು ಕಲ್ಯಾಣದಲ್ಲೂ ಇತ್ತೆಂದಾಯಿತು.

ಅವ್ವ ಒಂದು ತುಂಡು ತಿಂದಳು. "ಅದ" ಎಂದಳು.

ಉಳಿದದ್ದು ಮಂಡಿಗೆ. ಸೋಮೇಶ್ವರ ಹೇಳುವ ಕ್ರಮ ಸ್ಥೂಲವಾಗಿ ಇದು: ಗೋಧಿಯನ್ನು ತೊಳೆದು ಬಿಸಿಲಲ್ಲಿ ಒಣಗಿಸಿ, ಬೀಸಿ, ಜರಡಿ ಹಿಡಿಯಬೇಕು. ಉಪ್ಪು ತುಪ್ಪ ಸೇರಿಸಿ ನಾದಬೇಕು. ಉಂಡೆಯನ್ನು ಕೈಯಲ್ಲೇ ಹಿಗ್ಗಿಸಿ, ಬೆಂಕಿಯ ಮೇಲೆ ಕಾದ ಖರ್ಪರದ, ಎಂದರೆ ಮಣ್ಣಿನ ಓಡಿನ, ಮೇಲೆ ಹಾಕಿ ಬೇಗನೆ ತೆಗೆಯಬೇಕು. ಓದಲಿಕ್ಕೆ ಸುಲಭ. ಎಷ್ಟು ಹಿಟ್ಟಿಗೆ ಎಷ್ಟು ನೀರು? ಎಷ್ಟು ಹೊತ್ತು ನಾದಬೇಕು? ಕೈಯಲ್ಲಿ ಹಿಗ್ಗಿಸುವುದೆಂದರೆ ಹೇಗೆ? 'ಬೇಗನೆ' ಎಂದರೆ ಎಷ್ಟು ಬೇಗ? ಇವಕ್ಕೆ ಉತ್ತರವಿಲ್ಲ.

ಈ ವಿಷಯದಲ್ಲಿ ಉತ್ತರದ ಗ್ರಂಥಕಾರರು ಹೆಚ್ಚು ಲೆಕ್ಕಾಚಾರದವರು. ಹದಿನಾರನೆಯ ಶತಮಾನದ ಕೊನೆಯಲ್ಲಿ ಅಬುಲ್ ಫಜಲ್ ಬರೆದ 'ಐನ್-ಇ-ಅಕ್ಬರಿ'ಯಲ್ಲಿ ಬಾದಶಹನ ಅಡಿಗೆಗಳಿಗೆಲ್ಲ ತೂಕವಿದೆ. ಖಿಚಡಿಗೆ ಅಕ್ಕಿ ಐದು ಸೇರು, ಹೆಸರುಬೇಳೆ ಐದು ಸೇರು, ತುಪ್ಪವೂ ಐದೇ ಸೇರು! ನಮ್ಮ ಹುಗ್ಗಿಗೆ ಇಷ್ಟು ತುಪ್ಪ ಸುರಿದರೆ ವೈದ್ಯರನ್ನು ಪಂಕ್ತಿಯಲ್ಲೇ ಕೂರಿಸಿಕೊಳ್ಳಬೇಕಾದೀತು. ಸೋಮೇಶ್ವರ ಬಹುಮಟ್ಟಿಗೆ ಅಳತೆಯ ಗೋಜಿಗೆ ಹೋಗುವುದಿಲ್ಲ. ಅಳತೆ ಅವನ ಬಾಣಸಿಗರ ಕೈಯಲ್ಲಿತ್ತು. ಚಕ್ರವರ್ತಿ ಕಂಡದ್ದನ್ನು ಬರೆದ, ಉಂಡದ್ದನ್ನು ಬರೆದ. ಕೈಗೆ ಗೊತ್ತಿದ್ದದ್ದು ಕೈಯಲ್ಲೇ ಉಳಿಯಿತು.

ಎರಡು ಭಾನುವಾರ ಪ್ರಯತ್ನಿಸಿದೆವು. ಲಟ್ಟಿಸಿದರೆ ಚಪಾತಿಯಾಯಿತು. ಕೈಯಲ್ಲಿ ಹಿಗ್ಗಿಸಿದರೆ ನಡುವೆ ಹರಿದು ಬಳೆಯ ಹಾಗೆ ಮೊಳಕೈಗೆ ಜಾರಿತು. ನನ್ನಾಕೆ ಹಿಟ್ಟಿನ ಕೈಯನ್ನು ಕೊಡವಿ, "ನಿಮ್ಮ ರಾಜನ ಮಂಡಿಗೆಯನ್ನು ನೀವೇ ಮಾಡಿಕೊಳ್ಳಿ. ನನಗೆ ಒಬ್ಬಟ್ಟು ಸಾಕು" ಎಂದು ರಾಜೀನಾಮೆ ಕೊಟ್ಟಳು.

ಆಗಲೇ ನಮಗೆ ಮತ್ತೊಂದು ದಾರಿ ಕಂಡದ್ದು; ಹುಡುಕಿ ಹೋದದ್ದಲ್ಲ, ದಾರಿ ತಪ್ಪಿ ಸಿಕ್ಕದ್ದು. ಒಂದು ಸಂಜೆ ಮಗಳಿಗೆ ಜಾಮಾ ಮಸೀದಿ ತೋರಿಸಿ ಹಿಂತಿರುಗುವಾಗ ಮಟಿಯಾ ಮಹಲಿನ ಬೀದಿಗೆ ಹೊಕ್ಕೆವು. ಸಸ್ಯಾಹಾರಿಗಳು ಮೂಗು ಮುಚ್ಚಿಕೊಂಡು ದಾಟುವ ಬೀದಿ. ಇಕ್ಕೆಲದಲ್ಲೂ ಕೆಂಡದ ಮೇಲೆ ಕಂಬಿಗೆ ಚುಚ್ಚಿದ ಮಾಂಸ. ಆದರೆ ಅನ್ನಭೋಗವನ್ನು ಓದಿದ ಮೇಲೆ ನನಗೆ ಮೂಗು ಮುಚ್ಚುವ ಅಧಿಕಾರ ಹೋಗಿತ್ತು. ಕಂಬಿಗೆ ಚುಚ್ಚಿ ಸುಡುವ ಮಾಂಸ 'ಭಡಿತ್ರಕ'ವೆಂದು ಸೋಮೇಶ್ವರನಲ್ಲೂ ಉಂಟು. ಹಂದಿ, ಮೀನು ಮಾತ್ರವಲ್ಲ, ಆಮೆ, ಗದ್ದೆಯ ಇಲಿಗಳನ್ನು ಕೂಡ ಅವನ ಬಾಣಸಿಗರು ಬಿಟ್ಟವರಲ್ಲ. ಅವನಿಗಿಂತ ಇನ್ನೂರು ವರ್ಷಗಳ ನಂತರ, 1334ರಲ್ಲಿ ದಿಲ್ಲಿಗೆ ಬಂದ ಮೊರಾಕೊ ದೇಶದ ಯಾತ್ರಿಕ ಇಬ್ನ್ ಬತೂತ ಇಲ್ಲಿನ ಔತಣಗಳನ್ನು ವರ್ಣಿಸುತ್ತ, ತೆಳುವಾದ ರೊಟ್ಟಿಗಳನ್ನೂ, ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ ತುಂಬಿದ ಸಮೋಸವನ್ನೂ ಹೆಸರಿಸಿದ್ದಾನೆ. ಆಲೂಗಡ್ಡೆಯ ಸಮೋಸ ಬಹಳ ಈಚಿನದು.

ಒಂದು ಅಂಗಡಿಯ ಮುಂದೆ ಮಗಳು ಥಟ್ಟನೆ ನಿಂತಳು. ಇಪ್ಪತ್ತರ ಹುಡುಗನೊಬ್ಬ ರುಮಾಲಿ ರೊಟ್ಟಿ ಮಾಡುತ್ತಿದ್ದ. ನಿಂಬೆಗಾತ್ರಕ್ಕಿಂತ ತುಸು ದೊಡ್ಡ ಉಂಡೆ. ಅದನ್ನು ತಟ್ಟಿ, ಒಂದು ಕೈಯಿಂದ ಇನ್ನೊಂದಕ್ಕೆ ಹಾರಿಸಿ, ಮುಷ್ಟಿಗಳ ಮೇಲೆ ತಿರುಗಿಸಿ, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮೊಳದಗಲ ಮಾಡಿ, ಬೋರಲು ಹಾಕಿದ ಕಬ್ಬಿಣದ ಬಾಣಲೆಯ ಬೆನ್ನಿನ ಮೇಲೆ ಹೊದಿಸುತ್ತಿದ್ದ. ಒಂದೆರಡು ಕ್ಷಣ. ತೆಗೆದು, ಮಡಿಸಿ, ಬುಟ್ಟಿಗೆ. ಹಿಂದಿನಿಂದ ಓಡು ಹಿಡಿದ ಸೋಮೇಶ್ವರ ಬಂದು, "ಇದೇ ನಾನು ಹೇಳಿದ್ದು" ಎಂದು ಭುಜ ತಟ್ಟಿದಂತಾಯಿತು. ರುಮಾಲಿಗೂ ಮಂಡಿಗೆಗೂ ರಕ್ತಸಂಬಂಧ ಉಂಟೆಂದು ನಾನು ಹೇಳುವುದಿಲ್ಲ. ಹಿಟ್ಟು, ಬೆಂಕಿ, ಎರಡು ಕೈ ಸೇರಿದರೆ ಬೇರೆಬೇರೆ ಊರುಗಳಲ್ಲಿ ಒಂದೇ ಬುದ್ಧಿ ಹುಟ್ಟಬಹುದು. ಮಗಳು ಹುಡುಗನ ಅನುಮತಿ ಕೇಳಿ ಅವನ ಕೈಗಳನ್ನಷ್ಟೇ ಮೊಬೈಲಿನಲ್ಲಿ ಚಿತ್ರ ಹಿಡಿದಳು.

ಮನೆಗೆ ಬಂದು ಅದನ್ನು ಅಜ್ಜಿಗೆ ತೋರಿಸಿದಳು. ಅವ್ವ ಕನ್ನಡಕ ತರಿಸಿಕೊಂಡಳು. ಒಮ್ಮೆ ನೋಡಿದಳು. "ಮತ್ತ ತೋರಸು" ಎಂದಳು. ಮೂರನೆಯ ಸಲ ನೋಡುವಾಗ ಶಾಲಿನೊಳಗೆ ಅವಳ ಮುಷ್ಟಿಗಳು ತಾವಾಗಿಯೇ ತಿರುಗುತ್ತಿದ್ದುದನ್ನು ನಾನು ಕಂಡೆ.

"ಇಂವಗ ಮಂಡಿಗಿ ಬರ್ತದ" ಎಂದಳು. ಸ್ವಲ್ಪ ತಡೆದು, "ನಮ್ಮ ಅವ್ವ ಇದಕ್ಕಿಂತ ದೊಡ್ಡದು ಮಾಡ್ತಿದ್ಲು. ಮದವಿ ಮನ್ಯಾಗ ಆಕೀನ್ನ ಕರಿಯಾಕ ಗಾಡಿ ಕಳಸ್ತಿದ್ರು" ಎಂದಳು. ನನಗೆ ಐವತ್ತು ದಾಟಿದೆ. ನನ್ನ ಅಜ್ಜಿ ಮಂಡಿಗೆಗೆ ಹೆಸರಾಗಿದ್ದಳೆಂಬುದನ್ನು ನಾನು ಕೇಳಿದ್ದು ಅಂದೇ ಮೊದಲು. ನಾವು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಮಾರನೆಯ ಬೆಳಗ್ಗೆ ಅಡಿಗೆಮನೆಯಲ್ಲಿ ಸದ್ದು ಕೇಳಿ ಹೋಗಿ ನೋಡಿದರೆ, ಅವ್ವ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದು ಕುಳಿತಿದ್ದಾಳೆ. ನನ್ನಾಕೆ, ಮಗಳು ಅಕ್ಕಪಕ್ಕ. "ನಿನ್ನ ರಾಜಾನ ಪುಸ್ತಕ ಆಚಿಗಿಡು" ಎಂದು ನನಗೆ ಅಪ್ಪಣೆಯಾಯಿತು. ಅವಳು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನಗೆ ಬಂತು.

ಸಹೋದರಿಯರಿಗಾಗಿ ಆ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಒಂದು ಬಟ್ಟಲು ಮೈದಾ, ಒಂದು ಬಟ್ಟಲು ಚಿರೋಟಿ ರವೆ, ಚಿಟಿಕೆ ಉಪ್ಪು, ಎರಡು ಚಮಚ ತುಪ್ಪ. ನೀರು ಸ್ವಲ್ಪ ಸ್ವಲ್ಪವಾಗಿ ಹಾಕಿ, ಮೆತ್ತಗೆ ಕಲಸಿ, ಅರ್ಧ ಗಂಟೆಯಾದರೂ ನಾದಬೇಕು. ಒದ್ದೆಬಟ್ಟೆ ಮುಚ್ಚಿ ಎರಡು ಗಂಟೆ ಬಿಡಬೇಕು. ಹೂರಣಕ್ಕೆ ಒಂದು ಬಟ್ಟಲು ಪುಡಿಸಕ್ಕರೆ, ಕಾಲು ಬಟ್ಟಲು ಖೋವಾ, ಎರಡು ಚಮಚ ಹುರಿದ ಗಸಗಸೆ, ಏಲಕ್ಕಿ, ಸ್ವಲ್ಪ ತುಪ್ಪ. ಕಣಕದಲ್ಲಿ ತೆಳುವಾಗಿ ಹೂರಣ ತುಂಬಿ, ಅಂಗೈಯಗಲ ಲಟ್ಟಿಸಿ, ಆಮೇಲೆ ಕೈಗಳ ಮೇಲೆ ಹಿಗ್ಗಿಸಬೇಕು. ಮಣ್ಣಿನ ಓಡು ಇಲ್ಲದವರು ದೊಡ್ಡ ಕಬ್ಬಿಣದ ಬಾಣಲೆಯನ್ನು ಗ್ಯಾಸಿನ ಮೇಲೆ ಬೋರಲು ಹಾಕಿ ಚೆನ್ನಾಗಿ ಕಾಯಿಸಬಹುದು. ಬೆಂದೊಡನೆ ಬಿಸಿಯಿರುವಾಗಲೇ ನಾಲ್ಕು ಮಡಿಕೆ ಮಡಿಸಬೇಕು. ಆರಿದ ಮೇಲೆ ಗರಿಗರಿಯಾಗುತ್ತದೆ, ಮಡಿಸಹೋದರೆ ಮುರಿಯುತ್ತದೆ.

ಇಷ್ಟನ್ನು ನಾನು ಬರೆದುಕೊಂಡೆ. ಆದರೆ ಮಂಡಿಗೆ ಆದದ್ದು ಇದರಿಂದಲ್ಲ. ಎಷ್ಟು ನಾದಬೇಕೆಂದು ಸೊಸೆ ಕೇಳಿದಾಗ ಅವ್ವ ಉತ್ತರ ಹೇಳದೆ ಮೊಮ್ಮಗಳ ಕಿವಿಯ ಹಾಲೆಯನ್ನು ಎರಡು ಬೆರಳಿನಿಂದ ಹಿಡಿದು, "ಇಷ್ಟ ಮೆತ್ತಗ" ಎಂದಳು. ಕಣಕ ಹರಿದಾಗ, "ಬೆರಳಿಂದ ಜಗ್ಗಬ್ಯಾಡ ಕೂಸ. ಮುಷ್ಟಿ ಮ್ಯಾಲ ಹಾಕ್ಕೊಂಡು ಮೊಳಕೈ ತಿರಗಸು. ತನ್ನ ಭಾರಕ್ಕ ತಾನ ಹಿಗ್ಗತದ" ಎಂದಳು. ಎಷ್ಟು ಹೊತ್ತಿಗೆ ತೆಗೆಯಬೇಕು? "ಗುಳ್ಳಿ ಎದ್ದು ಕಂದ ಆಗೂದ್ರಾಗ." ತಾನೇ ಒಂದು ಮಾಡಿ ತೋರಿಸಲು ಕೈಯೆತ್ತಿದಳು. ಕೈ ನಡುಗಿತು, ಕಣಕ ಹರಿದು ಮಡಿಲಲ್ಲಿ ಬಿತ್ತು. ಯಾರೂ ಮಾತನಾಡಲಿಲ್ಲ. ಅವಳು ಆ ತುಂಡನ್ನು ಮತ್ತೆ ಉಂಡೆ ಮಾಡಿ ಮೊಮ್ಮಗಳ ಕೈಗಿಟ್ಟು, ತನ್ನ ಕೈಗಳನ್ನು ಅವಳ ಮಣಿಕಟ್ಟಿನ ಕೆಳಗೆ ಹಿಡಿದಳು. ನಾಲ್ಕು ಕೈಗಳ ಮೇಲೆ ಕಣಕ ಹಿಗ್ಗುತ್ತ ಹೋಗಿ, ಆಚೆಯ ಬೆಳಕು ಅದರ ಮೂಲಕ ಕಾಣತೊಡಗಿತು.

ಅಂದು ಹನ್ನೊಂದು ಉಂಡೆಗಳಲ್ಲಿ ಐದು ಹರಿದವು, ಮೂರು ಕರಕಲಾದವು, ಒಂದು ಬಾಣಲೆಗೆ ಅಂಟಿಕೊಂಡು ಇಂದಿಗೂ ಗುರುತು ಬಿಟ್ಟಿದೆ. ಎರಡು ಮಂಡಿಗೆಯಾದವು. ಒಂದನ್ನು ನಾವು ಮೂವರು ಹಂಚಿಕೊಂಡೆವು. ಇನ್ನೊಂದನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಅವ್ವನಿಗೆ ಕೊಟ್ಟೆವು. ಅವಳು ಮುರಿದು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದಳು. ಎಂದಿನಂತೆ "ಅದ" ಎಂದಾಳೆಂದು ಕಾದೆ. "ಸಕ್ಕರಿ ಒಂದೀಟು ಕಡಿಮಿ ಆಗೇದ" ಎಂದಳು. ಎಂಟು ತಿಂಗಳಲ್ಲಿ ನಮ್ಮ ಮನೆಯ ಅಡಿಗೆಗೆ ಅವಳು ಇಟ್ಟ ಮೊದಲ ತಪ್ಪು ಅದು. ನನ್ನಾಕೆಯ ಮುಖ ಅರಳಿದ್ದನ್ನು ನೋಡಬೇಕಾಗಿತ್ತು.

ಮರುದಿನ ಬೆಳಗ್ಗೆ ಅವ್ವ ಅಡಿಗೆಮನೆಯಿಂದಲೇ ಕೂಗಿ, ಕಡಲೆಬೇಳೆಯ ಡಬ್ಬಿ ಎಲ್ಲಿದೆಯೆಂದು ಕೇಳಿದಳು.

ಮಾನಸೋಲ್ಲಾಸಕ್ಕೆ ಈಗ ಸುಮಾರು ಒಂಬೈನೂರು ವರ್ಷ. ಅದು ಉಳಿಯಿತು, ಏಕೆಂದರೆ ಬರೆದವನು ಚಕ್ರವರ್ತಿ. ಅವನ ಅಡಿಗೆಯವರ ಹೆಸರು ಯಾರಿಗೂ ಗೊತ್ತಿಲ್ಲ, ಅವರ ಕೈಯ ಅಳತೆಯೂ ಗೊತ್ತಿಲ್ಲ. ಗಾಡಿ ಕಳಿಸಿ ಕರೆಸುತ್ತಿದ್ದ ನನ್ನ ಅಜ್ಜಿಯ ಅಳತೆ ಕೂಡ ಹಾಗೆಯೇ ಹೋಗುವುದಿತ್ತು. ಒಂದು ಗದರಿಕೆಯ ಮಾತಿನಿಂದ, ಒಬ್ಬ ರುಮಾಲಿ ರೊಟ್ಟಿಯ ಹುಡುಗನಿಂದ ಉಳಿದುಕೊಂಡಿತು.

ಆದ್ದರಿಂದ ವಾಚಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ ಅವ್ವನೋ, ಅತ್ತೆಯೋ, ಅಜ್ಜಿಯೋ ಇ‌ದ್ದರೆ ಈ ಚಳಿಗಾಲ ಒಂದು ನೋಟುಬುಕ್ಕು ಹಿಡಿದು ಅವರ ಪಕ್ಕದಲ್ಲಿ ಕುಳಿತುಕೊಳ್ಳಿ. ಬರೆದುಕೊಂಡರೆ ಸಾಲದು, ಮಕ್ಕಳ ಕೈಗೆ ಹಿಟ್ಟು ಹತ್ತಲಿ. ಸಂಘದ ಮುಂದಿನ ಕೂಟಕ್ಕೆ ಮನೆಗೊಂದರಂತೆ ಅಂಥ ಒಂದು ತಿನಿಸು ಬರಲಿ. ನಾವು ಮಂಡಿಗೆ ತರುತ್ತೇವೆ. ಎಷ್ಟು ತರುತ್ತೇವೆಂದು ಮಾತ್ರ ಈಗಲೇ ಹೇಳಲಾರೆ. ಹನ್ನೊಂದಕ್ಕೆ ಎರಡರ ಲೆಕ್ಕ ನಿಮಗೆ ಗೊತ್ತೇ ಇದೆ. ಉಳಿದವರು ಅದುವರೆಗೆ ಮನಸ್ಸಿನಲ್ಲೇ ಮೆಲ್ಲುತ್ತಿರಬಹುದು.